ಬರಿತಲೆಯ ಗುರುತು

ಅರವತ್ತೆರಡನೇ ಇಸವಿಯ ಬೇಸಿಗೆ. ಪುತ್ತೂರಿನಲ್ಲಿ ಆಲಂಕಾರಿನ ಬಸ್ಸಿಗೆ ಕಾಯುತ್ತಿದ್ದ ತಿಮ್ಮಕ್ಕನ ಹಿಂದೆ ಇಬ್ಬರು ಮಾತಾಡುತ್ತಿದ್ದರು. ಒಬ್ಬ ಬೋರ್ಡು ಬರೆಯುವ ಅಚ್ಚುತ. ಇನ್ನೊಬ್ಬ, ಊರೂರಿಗೆ ಬಾವಿಯ ಜಾಗ ತೋರಿಸುತ್ತಿದ್ದ ಆದಂ ಬ್ಯಾರಿಯ ಮಗ ಹಮೀದ್. ತೀರಿಹೋದ ತಂದೆಯ ಕೆಲಸ ಈಗ ಅವನದು.

“ಬೋರ್ಡಿಗೆ ಒಂದು ಗುರುತು ಬೇಕು,” ಎಂದ ಹಮೀದ್. “ಓದ್ಲಿಕ್ಕೆ ಬಾರದವರಿಗೂ ಗೊತ್ತಾಗ್ಬೇಕು.”

“ಕೊಡ ಬಿಡಿಸುದಾ?”

“ಪಾತ್ರೆ ಅಂಗಡಿ ಅಂತ ಹೇಳ್ತಾರೆ.”

“ನಿಮ್ಮ ಅಪ್ಪನಿಗೆ ಎಂತ ಗುರುತು ಇತ್ತು ಮಾರಾಯ್ರೆ?”

“ನೀರು ಇದ್ದಲ್ಲಿ ಟೊಪ್ಪಿ ಇಟ್ಟು ಬರ್ತಿದ್ರು. ಬರಿತಲೆಯಲ್ಲಿ ಬಂದ್ರೆ ದಾರಿಯವರಿಗೆಲ್ಲ ಗೊತ್ತು, ಎಲ್ಲೋ ನೀರು ಸಿಕ್ಕಿತು ಅಂತ. ಮನೆಯಲ್ಲಿ ಮಾತ್ರ ಟೊಪ್ಪಿ ಎಲ್ಲಿ ಅಂತ ನನ್ನ ಉಮ್ಮನ ಬೈಗುಳ!”

“ಹಾಗಾದ್ರೆ ಟೊಪ್ಪಿಯೇ ಬಿಡಿಸುವ.”

“ಟೊಪ್ಪಿ ಅಂಗಡಿ ಆಗುದಿಲ್ವಾ?”

ತಿಮ್ಮಕ್ಕನಿಗೆ ಹಿಂದೊಮ್ಮೆ ಆದಂ ಬ್ಯಾರಿ ತನ್ನ ಅಂಗಳದಲ್ಲಿ ಇಟ್ಟುಹೋಗಿದ್ದ ಬಿಳಿ ಟೊಪ್ಪಿ ನೆನಪಾಯಿತು. ಬಾವಿ ತೋಡುವವರು ಬರುವ ತನಕ ಕೋಳಿಗಳನ್ನು ಅಟ್ಟುತ್ತ ಅದನ್ನು ಕಾದಿದ್ದಳು.

ಅಷ್ಟರಲ್ಲಿ ಸುಳ್ಯದ ಬಸ್ಸು ಬಂತು. ಹಮೀದ್ ಸೀಟು ಹಿಡಿಯಲು ತನ್ನ ಟೊಪ್ಪಿಯನ್ನೇ ಕಿಟಕಿಯೊಳಗೆ ಎಸೆದು ಬಾಗಿಲಿಗೆ ಓಡಿದ.

“ಅಲ್ಲಿ ನೀರು ಉಂಟಾ ಮಾರಾಯ್ರೆ?” ಎಂದು ನಗುತ್ತ ಅಚ್ಚುತನೂ ಹತ್ತಿದ.

ತಿಮ್ಮಕ್ಕ ನೋಡುತ್ತಲೇ ನಿಂತಳು. ಹಿಂದಿನಿಂದ ಹಮೀದನ ಬರಿತಲೆ ಥೇಟ್ ಆದಂ ಬ್ಯಾರಿಯದೇ. ಎಲ್ಲೋ ನೀರು ಸಿಕ್ಕಿತು ಎಂದು ಅವಳಿಗೆ ಒಂದು ಗಳಿಗೆ ಅನಿಸಿಬಿಟ್ಟಿತು.