ಅವಕಾಶ ಎಂಬ ಪದವೂ ಅಕ್ಕನ ಕುರ್ಚಿಯೂ

ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರೇ, ಅಂದರೆ ಈ ಬಟ್ಟೆ ಅಂಗಡಿಯ ಮಾಲೀಕರೇ, ಮುಖ್ಯ ಅತಿಥಿಗಳೇ, ಮೆತ್ತನೆಯ ಕುರ್ಚಿಗಳಲ್ಲಿ ಕುಳಿತಿರುವ ಸಭಿಕರೇ, ಹಿಂದಿನ ಗೋಡೆಗೆ ಒರಗಲೂ ಅಂಜಿ ನಿಂತಿರುವ ಅಂಗಡಿಯ ಹೆಣ್ಣುಮಕ್ಕಳೇ, ಮತ್ತು ಇಂದು ನಿವೃತ್ತಳಾಗುತ್ತಿರುವ ನನ್ನ ಅಕ್ಕಾ,

ನನಗೆ ಮಾತನಾಡಲು ಐದು ನಿಮಿಷದ ಅವಕಾಶವಿದೆ ಎಂದು ನಿರೂಪಕರು ಹೇಳಿದರು. ನಿಘಂಟು ಓದುವ ಚಟವಿರುವವನ ಮುಂದೆ ಇಂಥ ಪದ ಬಳಸಬಾರದಿತ್ತು. ಈಗ ಅನುಭವಿಸಿ.

ಅವಕಾಶ ಸಂಸ್ಕೃತದ ಪದ. ಅಲ್ಲಿ ಅದರ ಅರ್ಥ ಜಾಗ, ತೆರಪು. ಆಕಾಶ, ಪ್ರಕಾಶಗಳ ಧಾತುವೇ ಇದಕ್ಕೂ. ಎಂಥ ದೊಡ್ಡ ಮನೆತನ ನೋಡಿ! ಅದೇ ಪದ ಮರಾಠಿಯಲ್ಲಿ ಸಮಯವೂ ಆಗುತ್ತದೆ. ಇನ್ನೂ ಅವಕಾಶವಿದೆ ಎಂದರೆ ಇನ್ನೂ ಹೊತ್ತಿದೆ ಎಂದು. ಹಿಂದಿಯಲ್ಲಿ ಅದು ರಜೆ. ನಿವೃತ್ತರಾದವರು ಅಲ್ಲಿ ಅವಕಾಶಪ್ರಾಪ್ತರು. ಹಾಗಾದರೆ ನನ್ನ ಅಕ್ಕನಿಗೆ ಅವಕಾಶ ಪ್ರಾಪ್ತವಾದದ್ದು ಇವತ್ತು, ಮಂಡಿ ಸವೆದ ಮೇಲೆ. ಮಲಯಾಳಂನಲ್ಲಿ ಅದು ಹಕ್ಕು. ಹಕ್ಕು, ಸ್ವಾಮಿ! ನಮ್ಮಲ್ಲಿ? ನಮ್ಮಲ್ಲಿ ಅವಕಾಶವನ್ನು ಕೋರುತ್ತಾರೆ, ಕೊಡುತ್ತಾರೆ, ಕಲ್ಪಿಸುತ್ತಾರೆ, ಕೊನೆಗೆ ಬೋರ್ಡು ಬರೆಸಿ ಇಲ್ಲ ಎನ್ನುತ್ತಾರೆ.

ಈ ಅಂಗಡಿಯಲ್ಲಿ ಆ ಪದಕ್ಕೆ ಐದನೆಯ ಅರ್ಥವೊಂದಿತ್ತು. ಅದು ಯಾವ ನಿಘಂಟಿನಲ್ಲೂ ಇಲ್ಲ. ಅಧ್ಯಕ್ಷರಿಗೂ ಗೊತ್ತಿರಲಾರದು.

ಮಾರಾಟದ ಹೆಂಗಸರು ಕೂರಬಾರದು ಎಂಬುದು ಇಲ್ಲಿಯ ನಿಯಮ. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಮಹಡಿಯ ಗಾಜಿನ ಕೋಣೆಯಿಂದ ಮಾಲೀಕರಿಗೆ ಎಲ್ಲ ಕೌಂಟರುಗಳೂ ಕಾಣುತ್ತವೆ. ಹಾಸಿಗೆ ಹೊದಿಕೆಗಳ ಕೌಂಟರಿನಲ್ಲಿ ಆಗ ಮೂವರಿದ್ದರು: ನನ್ನ ಅಕ್ಕ, ಒಬ್ಬ ಮರಾಠಿ ಹೆಂಗಸು, ಒಬ್ಬ ಮಲಯಾಳಿ ಹೆಂಗಸು. ಇಬ್ಬರು ದೊಡ್ಡದೊಂದು ಹೊದಿಕೆಯನ್ನು ಬಿಚ್ಚಿ, ಗಿರಾಕಿಗೆ ತೋರಿಸುವಂತೆ ಎತ್ತಿ ಹಿಡಿಯುತ್ತಿದ್ದರು. ಅದರ ಮರೆಯಲ್ಲಿ ಮೂರನೆಯವಳು ಬಟ್ಟೆಯ ಗಂಟಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಇದಕ್ಕೆ ಅವರಿಟ್ಟ ಹೆಸರು ಅವಕಾಶ. "ನಿಂದಾಯ್ತಲ್ಲ, ಏಳೇ ಮಹಾರಾಣಿ, ಈಗ ನನಗೆ ಅವಕಾಶ ಹಿಡೀರಿ" ಎನ್ನುತ್ತಿದ್ದರಂತೆ. ಜಾಗ, ಸಮಯ, ರಜೆ, ಹಕ್ಕು, ಎಲ್ಲವೂ ಒಂದು ಹೊದಿಕೆಯ ಹಿಂದೆ!

ಮಲಯಾಳಿ ಹೆಂಗಸು ಬಸುರಿಯಾದಾಗ ಉಳಿದಿಬ್ಬರು ತಮ್ಮ ಸರದಿಯನ್ನೂ ಅವಳಿಗೇ ಬಿಟ್ಟರು. ಒಂದು ಮಧ್ಯಾಹ್ನ ಅವಳು ಕೂತಲ್ಲೇ ನಿದ್ದೆ ಹೋದಳು. ಅದೇ ಹೊತ್ತಿಗೆ ಒಬ್ಬ ಗಿರಾಕಿ ಬಂದು, ಎತ್ತಿ ಹಿಡಿದಿದ್ದ ಹೊದಿಕೆಯನ್ನು ಮುಟ್ಟಿ ನೋಡಿ, "ಇದೇ ಇರಲಿ, ಕಟ್ಟಿಕೊಡಿ" ಎಂದಳು. ಅಕ್ಕ ಬೇರೆ ಬೇರೆ ಬಣ್ಣ ತೋರಿಸಿದಳು, ಇದರ ಬಣ್ಣ ಬಿಡುತ್ತದೆ ಎಂದೂ ಸುಳ್ಳು ಹೇಳಿದಳು. ಗಿರಾಕಿ ಒಪ್ಪಲಿಲ್ಲ. ಬೇರೆ ದಾರಿಯಿರಲಿಲ್ಲ. ಹೊದಿಕೆ ಇಳಿಯಿತು.

ಮಹಡಿಯಿಂದ ಮಾಲೀಕರು ಕೆಳಗೆ ಬಂದರು. ಅಧ್ಯಕ್ಷರೇ, ನಿಮಗೆ ನೆನಪಿಲ್ಲದಿದ್ದರೆ ಪರವಾಗಿಲ್ಲ, ನೆನಪಿಟ್ಟುಕೊಳ್ಳುವ ಕೆಲಸವನ್ನು ನಮ್ಮಂಥವರು ಮಾಡುತ್ತೇವೆ. ನೀವು ದನಿ ಏರಿಸಲಿಲ್ಲ. "ಕೂತೇ ಇರಬೇಕು ಅಂದ್ರೆ ಮನೇಲಿ ಕೂತ್ಕೊಳಮ್ಮ" ಎಂದಿರಿ. ಅವಳು ತನ್ನ ಊಟದ ಡಬ್ಬಿ ತೆಗೆದುಕೊಂಡು ಹೋದಳು. ಉಳಿದಿಬ್ಬರು ಮತ್ತೆ ಯಾವತ್ತೂ ಹೊದಿಕೆ ಎತ್ತಿ ಹಿಡಿಯಲಿಲ್ಲ.

ಎಷ್ಟೋ ವರ್ಷಗಳ ನಂತರ ಅವಳು ಬಸ್ ನಿಲ್ದಾಣದಲ್ಲಿ ಅಕ್ಕನಿಗೆ ಸಿಕ್ಕಳು. ನಾನೂ ಜೊತೆಗಿದ್ದೆ. ಅಲ್ಲೊಂದು ಉದ್ದನೆಯ ಬೆಂಚು ಖಾಲಿ ಬಿದ್ದಿತ್ತು. ನಾನು ಅದರ ಮೇಲೆ ಕೂತು ಪೇಪರು ಓದಿದೆ. ಅವರಿಬ್ಬರೂ ಬಸ್ಸು ಬರುವವರೆಗೆ ನಿಂತೇ ಮಾತಾಡಿದರು, ನಿಂತೇ ನಕ್ಕರು, ನಿಂತೇ ಅತ್ತರು. ಕೂರಬಹುದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮನೆಯಲ್ಲೂ ಅಕ್ಕ ಹಾಗೆಯೇ. ಊಟವನ್ನೂ ಒಲೆಯ ಪಕ್ಕ ನಿಂತೇ ಮಾಡುತ್ತಾಳೆ. ನಮ್ಮ ಮನೆಯಲ್ಲಿರುವುದು ಎರಡೇ ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ನಿಘಂಟುಗಳು. ನೀವು ನಗುತ್ತೀರಿ. ಅಕ್ಕನೂ ನಗುತ್ತಾಳೆ.

ಇವತ್ತು ಅಂಗಡಿಯವರು ಅವಳಿಗೆ ಬೀಳ್ಕೊಡುಗೆಯಾಗಿ ಏನು ಕೊಟ್ಟಿದ್ದಾರೆ, ನೋಡಿದಿರಲ್ಲ? ಇಗೋ, ಕೆಂಪು ರಿಬ್ಬನ್ನು ಕಟ್ಟಿದ, ಮೆತ್ತೆ ಹಾಕಿದ, ಕೈಯಿಟ್ಟುಕೊಳ್ಳಲು ಅನುಕೂಲವಿರುವ ಈ ಕುರ್ಚಿ. ಇದನ್ನು ಆರಿಸಿದವರಿಗೆ ಒಂದು ಕ್ಷಣವಾದರೂ ನಾಚಿಕೆಯಾಯಿತೇ? ಅಥವಾ ಒಳ್ಳೆಯ ಉಡುಗೊರೆ ಎಂದು ಸಂತೋಷವಾಯಿತೇ? ಯಾವುದು ಹೆಚ್ಚು ಭಯಂಕರ, ನನಗೆ ತಿಳಿಯದು.

ಇಂಥದೊಂದು ಉಡುಗೊರೆ ಸಿಗಲಿದೆ ಎಂಬ ಸುದ್ದಿ ತಿಳಿದ ಅಕ್ಕ ಇಂದು ಬೆಳಿಗ್ಗೆ ನನಗೆ ಹೇಳಿದ್ದಿಷ್ಟು: "ಅದನ್ನ ಮನೆಗೆ ತರಬೇಡ ಕಣೋ. ನನಗೆ ಕೂತ್ರೆ ಈಗ ಸೊಂಟ ಹಿಡಿಯುತ್ತೆ. ಹೊದಿಕೆ ಕೌಂಟರ್ ಹಿಂದೆ ಹಾಕಿಸು. ಅಲ್ಲಿರೋ ಸಣ್ಣವಳಿಗೆ ಈಗ ಏಳು ತಿಂಗಳು."

ಅಧ್ಯಕ್ಷರೇ, ನನ್ನ ಭಾಷಣದ ತಿರುಳು ಇಷ್ಟೇ. ಈ ಕುರ್ಚಿ ನಾಳೆ ಬೆಳಿಗ್ಗೆ ಆ ಕೌಂಟರಿನ ಹಿಂದೆ ಇರಬೇಕು, ಮುಂದೆ ಯಾವ ಹೊದಿಕೆಯ ಮರೆಯೂ ಇಲ್ಲದೆ. ನಾನು ಅವಕಾಶ ಕೋರುತ್ತಿಲ್ಲ. ಆ ಮಲಯಾಳಿ ಹೆಂಗಸಿನ ಭಾಷೆಯಲ್ಲಿ ಅದನ್ನು ಕೇಳುತ್ತಿದ್ದೇನೆ.

ನೀವು ಗಡಿಯಾರ ನೋಡುತ್ತಿದ್ದೀರಿ. ನನ್ನ ಐದು ನಿಮಿಷ ಮುಗಿದಿರಬೇಕು. ಅಕ್ಕ ಆಗಲೇ ವೇದಿಕೆಯಿಂದಿಳಿದು ಗೋಡೆಯ ಪಕ್ಕ ಆ ಹೆಣ್ಣುಮಕ್ಕಳ ಸಾಲಿನಲ್ಲಿ ಹೋಗಿ ನಿಂತಿದ್ದಾಳೆ. ಇಲ್ಲಿ ನನ್ನ ಹೆಸರಿನ ಚೀಟಿ ಅಂಟಿಸಿದ ಕುರ್ಚಿಯೊಂದಿದೆ. ನಿಮ್ಮ ಉತ್ತರ ಬರುವವರೆಗೆ ಅದು ಖಾಲಿಯಿರಲಿ. ನಾನೂ ಅಲ್ಲಿಗೇ ಹೋಗುತ್ತೇನೆ. ಅಭ್ಯಾಸವಿಲ್ಲ, ಎಷ್ಟು ಹೊತ್ತು ನಿಲ್ಲಬಲ್ಲೆನೋ ನೋಡೋಣ.

ಕೂತು ಕೇಳಿದವರಿಗೆ ವಂದನೆ. ನಿಂತು ಕೇಳಿದವರಿಗೆ ನಮಸ್ಕಾರ.