ಬತ್ತಿ ಆರಿದ ಮೇಲೆ

ಮಾರ್ಚ್ ಹನ್ನೊಂದು. ಬೆಳಗಿನಿಂದ ಮೋಡ, ಒಣ ಚಳಿ, ಮಳೆಯಿಲ್ಲ.

…ಮುಗೀತು ಕಣೇ ಆಫ್ಕೆ, ಹರಾಜು ಮುಗೀತು. ಮನೆ ಮಾರಾಟ ಆಯ್ತು. ಯಾರಿಗೆ? ಯಾರೋ ಒಬ್ಬ ಪೆದ್ದನಿಗೆ! ತಡಿ, ಕೂತ್ಕೋತೀನಿ. ಥೂ, ಇದೇನು ಕಾಫಿನಾ, ಗುಬ್ಬಿ ಕುಡಿಯೋ ಅಷ್ಟು… ಮಂಡಿ ನೋವು ಅಂತ ಗಂಡನೊಬ್ಬನನ್ನೇ ಹರಾಜಿಗೆ ಕಳಿಸಿ ನೀನು ಈ ಕಾಫಿ ಅಂಗಡಿಯಲ್ಲೇ ಕೂತದ್ದು ಒಳ್ಳೇದಾಯ್ತು.

ಈ ಫ್ರೆಂಚರು! ಮನೆ ಮಾರೋಕೆ ಬತ್ತಿ ಹಚ್ತಾರೆ ಮಾರಾಯ್ತಿ. ನಗಬೇಡ, ನಿಜ. ಹರಾಜು ನಡೆಸೋ ನೋಟರಿ ಸಾಹೇಬ, ಮದುವೆಗಂಡಿನ ಹಾಗೆ ಸೂಟು. ಮುಂದೆ ತಟ್ಟೆ, ತಟ್ಟೆಯಲ್ಲಿ ಬೆರಳಷ್ಟೂ ಇಲ್ಲದ ಮೇಣದ ಬತ್ತಿ. ಯಾರಾದರೂ ಬೆಲೆ ಕೂಗಿದರೆ ಒಂದು ಹಚ್ತಾನೆ. ಅದು ಆರೋದರೊಳಗೆ ಇನ್ನೊಬ್ಬ ಅದಕ್ಕಿಂತ ಹೆಚ್ಚು ಕೂಗಬೇಕು. ಕೂಗದಿದ್ದರೆ ಇನ್ನೊಂದು ಬತ್ತಿ. ಅದೂ ಆರಿತೋ, ಮನೆ ಕೂಗಿದವನ ತಲೆಗೆ! ಈ ಕಾಲದಲ್ಲಿ!

ಮನೆಯಾದರೂ ಎಂಥದು… ನೀನೇ ನೋಡಿದ್ಯಲ್ಲ. ಮಾಡಿನಲ್ಲಿ ಪಾರಿವಾಳ, ಬಚ್ಚಲಲ್ಲಿ ಅಣಬೆ. ಅದಕ್ಕೆ ಕೂಗು ಶುರು ನಲವತ್ತು ಸಾವಿರ ಯೂರೋದಿಂದ. ಹೂಂ, ನೆನಪಿದೆ. ಎಂಬತ್ತು ಸಾವಿರದ ಮೇಲೆ ಒಂದು ಕಾಸು ಹೋದರೂ ನಿನ್ನ ಹೂವಿನಂಗಡಿ ಮಾರಬೇಕಾಗತ್ತೆ. ದಾರಿಯುದ್ದಕ್ಕೂ ಅದನ್ನೇ ಹೇಳಿದ್ಯಲ್ಲ, ಕಿವಿ ತೂತಾಗೋ ಹಾಗೆ.

ಆ ಪೆದ್ದನ ಕಥೆ ಕೇಳು. ನೋಟರಿ ಇನ್ನೂ ‘ನಲವತ್ತು’ ಅಂತ ಬಾಯಿ ಮುಚ್ಚಿಲ್ಲ, ಇವನು ಎದ್ದು ನಿಂತು ಕೂಗಿಯೇಬಿಟ್ಟ! ಒಂದೇ ಸಲಕ್ಕೆ, ಆಕಾಶಕ್ಕೆ! ಯಾಕೆ ಗೊತ್ತಾ? ಪಕ್ಕದಲ್ಲಿದ್ದ ಇಂಗ್ಲೆಂಡಿನವನೊಬ್ಬ ಕೈ ಎತ್ತಿದ, ಬೆಲೆ ಕೂಗ್ತಾನೆ ಅಂದ್ಕೊಂಡ ಇವನು. ಎತ್ತಿದ್ದು ಕನ್ನಡಕ ಸರಿಮಾಡ್ಕೊಳ್ಳೋಕೆ! ಹ್ಹ… ನಗು, ನಗು. ಮಿಕ್ಕವರೆಲ್ಲ ಊರಿನ ಮುದುಕರು, ಬೆಚ್ಚಗಿದೆ ಅಂತ ಬಂದು ಕೂತವರು. ಕೊಳ್ಳೋನು ಒಬ್ಬನೂ ಇಲ್ಲ. ಒಂದು ಬತ್ತಿ ಆರಿತು. ಯಾರೂ ಉಸಿರೆತ್ತಲಿಲ್ಲ. ಎರಡನೇದು… ಅದು ಎಷ್ಟು ಮೆಲ್ಲಗೆ ಉರಿಯತ್ತೆ ಅಂತೀಯಾ! ಯಾರಾದರೂ ಒಬ್ಬ ಬಾಯಿ ಬಿಡಬಾರದಾ, ಒಬ್ಬನಾದರೂ…

ಅವನ ಪಾಡು ಹೇಳ್ತಿದೀನಿ ಕಣೇ.

ಪಾಪ, ಅವನನ್ನೂ ಪೂರ್ತಿ ಬೈಯೋ ಹಾಗಿಲ್ಲ. ನಮ್ಮ ಹಾಲೆಂಡಿನ ಹೂವಿನ ಹರಾಜಲ್ಲಿ ಬೆಲೆ ಮೇಲಿಂದ ಕೆಳಗೆ ಇಳೀತಾ ಬರತ್ತಲ್ಲ, ಗಡಿಯಾರದ ಮುಳ್ಳಿನ ಹಾಗೆ? ಮೊದಲು ಗುಂಡಿ ಒತ್ತಿದವನಿಗೇ ಮಾಲು. ಒಂದು ಕ್ಷಣ ತಡೆದರೆ ಟ್ಯೂಲಿಪ್ ಗಾಡಿ ಇನ್ನೊಬ್ಬನದು. ಜೀವಮಾನವೆಲ್ಲ ಹಾಗೆ ಕೊಂಡವನ ಕೈ, ಬಾಯಿ, ಅವನ ಮಾತು ಕೇಳತ್ತಾ? ಏರೋ ಹರಾಜಲ್ಲಿ ಸುಮ್ಮನೆ ಕೂರಬೇಕು ಅಂತ ಅವನಿಗೆ…

ಯಾಕೆ ನಗೋದು ನಿಲ್ಲಿಸಿದೆ?

ಹಾಗೆ ನೋಡಬೇಡ. ಹೂವಿನ ಹರಾಜಲ್ಲಿ ನಾನೊಬ್ಬನೇ ಏನು ಇದ್ದದ್ದು? ಹಾಲೆಂಡಿನಿಂದ ಇಲ್ಲಿ ಮನೆ ಕೊಳ್ಳೋಕೆ ಬರೋರು ಎಷ್ಟು ಜನ ಇಲ್ಲ… ಬೆಲ್ಜಿಯಮ್ಮಿನವನೂ ಇರಬಹುದು! ಅವನ ಹೆಸರು ನಾನೇನು ಕೇಳಿದೆನಾ?

ಏನಾದರೂ ಅನ್ನು, ಆಫ್ಕೆ. ಬೈ ಬೇಕಾದರೆ.

ಚೀಲ ಯಾಕೆ ತಗೊಂಡೆ? ಕೂತ್ಕೋ. ನೋಡು, ಮಾಡು ರಿಪೇರಿ ಮಾಡಿಸಿದರೆ… ಹಿಂದುಗಡೆ ಜಾಗ ಇದೆ, ಅಲ್ಲೇ ಒಂದು ಪುಟ್ಟ ಹೂವಿನ… ಸರಿ. ಸರಿ, ಆ ಮಾತು ಬೇಡ.

ಕೂತ್ಕೋ. ಹೇಳ್ತೀನಿ.

ಒಂದು ಲಕ್ಷದ ತೊಂಬತ್ತು ಸಾವಿರ.