ಅಳೆಯದ ಒತ್ತಡ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೊರಟ ಬಸ್ಸಿನಲ್ಲಿ ಎಂಜಿನಿಯರ್ ಮುಸರತ ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆ-ಸೊಸೆ ಮಾತಾಡುತ್ತಿದ್ದರು.

"ಹೊಸ ಪೈಪು ಹಾಕಿ ಮೂರು ತಿಂಗಳಾತು, ನಮ್ಮ ನಳದಾಗ ಹನಿ ನೀರು ಬಂದಿಲ್ಲ. ಹಿತ್ತಲ ಬಾವಿ ಯಾಕ ಮುಚ್ಚಿಸಿದ್ರಿ ಅತ್ತಿ?"

"ಆ ಎಂಜಿನಿಯರ್ ಹುಡುಗಿ ಹೇಳಿದ್ಲಲ್ಲವಾ, ಮಾಳಿಗಿಗೂ ನೀರು ಏರ್ತಾವು ಅಂತ."

"ಸುಳ್ಳು ಹೇಳ್ಯಾಳ."

"ಹಂಗನ್ನಬ್ಯಾಡ. ನಮ್ಮನ್ಯಾಗ ಚಾ ಕುಡದು, ಅವ್ವಾ ಅಂತ ಕರದು ಹೋಗ್ಯಾಳ. ಅಳದು ನೋಡದ ಹೇಳೂವಾಕಿ ಅಲ್ಲ ಅಕಿ. ನಮ್ಮ ನಳದಾಗ ಏನರ ಸಿಕ್ಕೊಂಡಿರಬೇಕು."

ಮುಸರತಳ ಕಿವಿ ಬಿಸಿಯಾದವು. ಮುಖ್ಯ ರಸ್ತೆಯಲ್ಲಷ್ಟೇ ನೀರಿನ ಒತ್ತಡ ಅಳೆದು, ಇವರ ಓಣಿಯಲ್ಲಿ ಬರೀ ಚಹಾ ಕುಡಿದು, ಅಲ್ಲಿಗೂ ಅದೇ ಅಂಕಿ ಬರೆದು ಸಹಿ ಹಾಕಿದವಳು ಅವಳೇ. ತಿರುಗಿ ಹೇಳಿಬಿಡಬೇಕೆನಿಸಿತು; ಕತ್ತು ತಿರುಗಲಿಲ್ಲ. ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಳು.

ರಾಣೆಬೆನ್ನೂರಿನ ಮೊದಲ ಸ್ಟಾಪಿನಲ್ಲಿ ಅತ್ತೆ-ಸೊಸೆ ಇಬ್ಬರೂ ಇಳಿದರು. ಮುದುಕಿ ಕಿಟಕಿಯ ಕೆಳಗೆ ಬಂದು, "ಯವ್ವಾ, ನಮ್ಮ ಚೀಲ ಸೀಟಿನ ಮ್ಯಾಲ ಉಳದೈತಿ, ಕೊಡ್ತೀಯೇನು?" ಎಂದಳು.

ಮುಸರತ ಮುಖ ತೋರಿಸದೆ ಚೀಲ ಕೊಟ್ಟಳು.

"ಪುಣ್ಯಾ ಬರಲಿ ನನ ಮಗಳ," ಎಂದು ಹರಸಿ ಮುದುಕಿ ಸೊಸೆಯ ಹಿಂದೆ ನಡೆದಳು.